ಶಕುನಿಗೂ ಒಂದು ಫ್ಲ್ಯಾಶ್‌ಬ್ಯಾಕು

ತುಮಕೂರು ಕಂದಾಯ ಇಲಾಖೆಗೆ ಒಂದು ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕನ್ನೂ ಒಂದು ಗಂಟು ಹಾಕಿ ‘ಮಧುಗಿರಿ ಶೈಕ್ಷಣಿಕ ಜಿಲ್ಲೆ’ ಅಂತ ಹೆಸರಿಟ್ಟಿದ್ದಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಈ ಜಿಲ್ಲೆ ಪೇಪರಿನಲ್ಲಿ ಮುಖ ತೋರಿಸುತ್ತದೆ, ಎಷ್ಟನೇ ಸ್ಥಾನ ಅಂತ ಒಂದು ದಿನ ಬೈಸಿಕೊಳ್ಳುತ್ತದೆ ಅಥವಾ ಹೊಗಳಿಸಿಕೊಳ್ಳುತ್ತದೆ, ಮಾರನೇ ದಿನ ಮಾಯ. ಆದರೆ ಈ ನಾಲ್ಕೂ ತಾಲ್ಲೂಕಿಗೆ ಇಲಾಖೆಯ ಅಪ್ಪಣೆಯಿಲ್ಲದ ಇನ್ನೊಂದು ಸಿಲಬಸ್ಸಿದೆ. ಅದರ ಹೆಸರು ‘ಕುರುಕ್ಷೇತ್ರ’ ಅರ್ಥಾತ್ ಪೌರಾಣಿಕ ನಾಟಕ. ಗಣಿತದಲ್ಲಿ ಡುಮ್ಕಿ ಹೊಡೆದವರೂ ಈ ವಿಷಯದಲ್ಲಿ ಡಿಸ್ಟಿಂಕ್ಷನ್.

ನಮ್ಮ ಕಡೆ ಕುರುಕ್ಷೇತ್ರ ಆಡಿಸುವ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಊರಿಗೆ ಡ್ರಾಮಾ ಮೇಷ್ಟ್ರು ಬರುತ್ತಾರೆ, ಜೊತೆಗೆ ಕಾಲ್ಪೆಟ್ಟಿಗೆ ಹಾರ್ಮೋನಿಯಂ. ಪಾರ್ಟು ಹಂಚುತ್ತಾರೆ. ಇಲ್ಲಿ ನಟನಿಗೆ ಸಂಬಳ ಕೊಡುವ ಕೆಟ್ಟ ಅಭ್ಯಾಸ ಇಲ್ಲ. ನಟನೇ ದುಡ್ಡು ಕೊಟ್ಟು ಪಾರ್ಟು ಹಿಡಿಯಬೇಕು. ಕೃಷ್ಣ, ದುರ್ಯೋಧನ ದುಬಾರಿ. ನಕುಲ, ಸಹದೇವ ಸೋವಿ. ಕೃಷ್ಣ ಆಗಲೇಬೇಕು ಅನ್ನುವವರು ಮೂರು ಜನ ಇದ್ದರೆ ಜಗಳವೇ ಇಲ್ಲ, ಮೂರು ಕೃಷ್ಣರು. ಸಂಧಾನಕ್ಕೆಂದು ಹಸ್ತಿನಾವತಿಗೆ ಹೊರಟ ಕೃಷ್ಣ ಕಡ್ಡಿಯಂತಿದ್ದವನು, ದುರ್ಯೋಧನನ ಸಭೆ ಮುಟ್ಟುವ ಹೊತ್ತಿಗೆ ಹೊಟ್ಟೆ ಬಿಟ್ಟಿರುತ್ತಾನೆ. ನಮ್ಮ ಪಕ್ಕ ಕೂತಿದ್ದ ಹುಡುಗನೊಬ್ಬ ಇದೇನಿದು ಅಂತ ಬಾಯಿ ಬಿಟ್ಟಾಗ ಹಿಂದಿನಿಂದ ಒಬ್ಬ ಅಜ್ಜ ಸಮಾಧಾನ ಹೇಳಿದ: “ವಿಶ್ವರೂಪ ಅಂದ್ರೆ ಅದೇ ಕಣ್ಲಾ.”

ಇಷ್ಟು ದೊಡ್ಡ ಸಂದುಗಳನ್ನು ಸಲೀಸಾಗಿ ದಾಟುವ ಜನ, ಬೆಳಗಾಗುತ್ತಲೇ ಟೀ ಅಂಗಡಿ ಮುಂದೆ ಕೂತು ಸೂಜಿಯ ಕಣ್ಣಿನಷ್ಟು ಸಂದು ಹುಡುಕುತ್ತಾರೆ. ಕರ್ಣನಿಗೆ ತಾನು ಕುಂತಿಯ ಮಗ ಅಂತ ಗೊತ್ತಾದ ಮೇಲೂ ಯಾಕೆ ಎದ್ದು ಬರಲಿಲ್ಲ? ಸುಭದ್ರೆಗೆ ಚಕ್ರವ್ಯೂಹದ ಒಳಹೋಗುವ ದಾರಿ ಹೇಳಿದ ಕೃಷ್ಣ, ಹೊಟ್ಟೆಯೊಳಗಿಂದ ಕೂಸು ಹೂಂಗುಟ್ಟಿದ್ದು ಕೇಳಿ ಬಾಯಿ ಮುಚ್ಚಿಕೊಂಡನಲ್ಲ, ಅವನಿಗೆ ಅವತ್ತೇ ಲೆಕ್ಕ ಗೊತ್ತಿತ್ತೋ? ಬಬ್ರುವಾಹನ ಅಪ್ಪನನ್ನೇ ಬೀಳಿಸುವ ಶೂರನಾಗಿದ್ದರೆ, ಹದಿನೆಂಟು ದಿನ ಯುದ್ಧ ನಡೆದಾಗ ಎಲ್ಲಿದ್ದ? ಕೊನೆಯ ಪ್ರಶ್ನೆ ಕೇಳಿದವನಿಗೆ ಇನ್ನೊಬ್ಬ, “ಅವ್ನಿಗೆ ಬೇರೆ ನಾಟಕ ಐತಪ್ಪಾ, ಡೇಟ್ ಇರ್ಲಿಲ್ಲ” ಅಂದ.

ಇದನ್ನೆಲ್ಲ ನೆನೆಯಲು ಕಾರಣ ನನ್ನ ಅಕ್ಕನ ಮಗ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಅಂದರೆ ವಿಡಿಯೊ ಗೇಮ್ ಆಡುತ್ತಾನೆ. ಒಂದು ದಿನ ಯಾರೊಂದಿಗೋ ಫೋನಿನಲ್ಲಿ ಕೈಕೈ ಮಿಲಾಯಿಸುವ ದನಿಯಲ್ಲಿ ಕೂಗಾಡುತ್ತಿದ್ದ. ಜಮೀನಿನ ತಕರಾರೇನೋ ಅಂತ ಗಾಬರಿಯಾಗಿ ವಿಚಾರಿಸಿದರೆ, “ಅಬ್ಬಿ ಮಾಡಿದ್ದು ಸರಿ ಅಂತಾನೆ ಮಾವ!” ಅಂದ. ಅಬ್ಬಿ ಯಾರಪ್ಪ ಅಂದೆ. ಕಥೆ ಬಿಚ್ಚಿದ.

‘ದಿ ಲಾಸ್ಟ್ ಆಫ್ ಅಸ್’ ಅಂತ 2013ರಲ್ಲಿ ಒಂದು ಗೇಮ್ ಬಂತಂತೆ. ಲೋಕಕ್ಕೆಲ್ಲ ರೋಗ ಬಡಿದಿದೆ. ಎಲ್ಲಿ ಅನ್ನುವ ಹುಡುಗಿಗೆ ಮಾತ್ರ ಆ ರೋಗ ತಾಗದು. ಅವಳ ಮಿದುಳು ಬಗೆದರೆ ಮದ್ದು ಸಿಗಬಹುದು, ಆದರೆ ಹುಡುಗಿ ಉಳಿಯಲ್ಲ. ಅವಳನ್ನು ಮಗಳ ಹಾಗೆ ನೋಡಿಕೊಂಡಿದ್ದ ಜೋಯಲ್ ಆಸ್ಪತ್ರೆಗೆ ನುಗ್ಗಿ ಡಾಕ್ಟರನ್ನೂ ಕೊಂದು ಅವಳನ್ನು ಹೊತ್ತು ತರುತ್ತಾನೆ. 2020ರಲ್ಲಿ ಎರಡನೇ ಭಾಗ. ಆ ಡಾಕ್ಟರ ಮಗಳೇ ಅಬ್ಬಿ. ಬಂದು ಜೋಯಲ್‌ನನ್ನು ಹೊಡೆದು ಕೊಲ್ಲುತ್ತಾಳೆ. ಅಷ್ಟಕ್ಕೇ ನಿಲ್ಲಲಿಲ್ಲ. ಮುಂದೆ ಹತ್ತಿರ ಹತ್ತಿರ ಅರ್ಧ ಆಟ ಆ ಅಬ್ಬಿಯಾಗಿಯೇ ಆಡಬೇಕು. ಲೋಕದ ತುಂಬ ಆಟಗಾರರು ಕೆಂಡವಾದರು. ಜೋಯಲ್ ಹಳೇ ಹುಲಿ, ಗುರುತಿಲ್ಲದವರ ನಡುವೆ ಅಷ್ಟು ಸಲೀಸಾಗಿ ಹೋಗಿ ನಿಲ್ಲುತ್ತಾನಾ, ಇದು ಅವನ ಗುಣವೇ ಅಲ್ಲ ಅಂತ ಒಂದು ಪಕ್ಷ. ಅವಳಿಗೂ ಅಪ್ಪ ಅಪ್ಪನೇ ಅಲ್ಲವೇ ಅಂತ ಇನ್ನೊಂದು ಪಕ್ಷ.

ಜಗಲಿ ಮೇಲೆ ಎಲೆಗೆ ಸುಣ್ಣ ಸವರುತ್ತ ಕೂತಿದ್ದ ನಮ್ಮ ದೊಡ್ಡಪ್ಪ ತಲೆ ಎತ್ತಿದರು. ಸುತ್ತ ಹತ್ತೂರಿನಲ್ಲಿ ಹೆಸರಾದ ಶಕುನಿ ಅವರು.

“ಅಪ್ಪನ್ನ ಮೋಸದಲ್ಲಿ ಕೊಂದೋರ್ನ ಮಗ ಬಂದು ಕೊಂದ. ಅಶ್ವತ್ಥಾಮ ಇನ್ನೇನ್ಲಾ ಮಾಡಿದ್ದು?”

“ತಾತ, ಅಲ್ಲಿ ಬರಿ ನೋಡೋದಲ್ಲ. ಆ ಕೊಲೆಗಾತಿ ಪಾರ್ಟು ನಾವೇ ಮಾಡ್ಬೇಕು.”

“ಮಾಡು. ಕೂದ್ಲು ಹಣ್ಣಾಗೋವರ್ಗೂ ನಾನು ಶಕುನಿ ಮಾಡಿಲ್ವಾ?”

ದೊಡ್ಡಪ್ಪ ಶಕುನಿಯ ಪರ ವಕಾಲತ್ತು ಹಿಡಿದರೆ ಹೈಕೋರ್ಟಿನವರೂ ತಣ್ಣಗಾಗಬೇಕು. ಶಕುನಿ ಕೇಡಿಯಲ್ಲ, ಕೌರವರು ಅವನ ಅಪ್ಪನನ್ನೂ ಅಣ್ಣತಮ್ಮಂದಿರನ್ನೂ ಸೆರೆಗೆ ಹಾಕಿ, ಒಬ್ಬೊಬ್ಬರಿಗೆ ಒಂದೊಂದೇ ಅಗುಳು ಅನ್ನ ಕೊಟ್ಟು ಸಾಯಿಸಿದರು, ಸೆರೆಯಲ್ಲಿದ್ದವರು ತಮ್ಮ ಅಗುಳನ್ನೆಲ್ಲ ಇವನೊಬ್ಬನಿಗೆ ತಿನ್ನಿಸಿ ಹಗೆ ತೀರಿಸಲು ಉಳಿಸಿದರು, ಸತ್ತ ಅಪ್ಪನ ಮೂಳೆಯಿಂದಲೇ ದಾಳ ಮಾಡಿಕೊಂಡ, ಹಾಗಾಗಿ ಹೇಳಿದ ಗರ ಬೀಳುತ್ತಿತ್ತು. ಇದು ವ್ಯಾಸರ ಭಾರತದಲ್ಲಿ ಇಲ್ಲ. ಅಲ್ಲಿ ಶಕುನಿ ಸುಮ್ಮನೆ ಪಗಡೆಯ ಪಟಿಂಗ. ನಮ್ಮ ಜನಕ್ಕೆ ಅಷ್ಟು ಸಾಲಲಿಲ್ಲ. ಸ್ವಂತ ಸೋದರಮಾವ ಅಳಿಯನ ಮನೆ ಹಾಳು ಮಾಡಬೇಕಾದರೆ ಅದಕ್ಕೊಂದು ಕಾರಣ ಬೇಡವೇ ಅಂತ ಯಾರೋ ಯಾವುದೋ ಊರಲ್ಲಿ ಕೇಳಿದರು. ಇನ್ಯಾರೋ ಒದಗಿಸಿದರು. ಶಕುನಿಗೂ ಒಂದು ಫ್ಲ್ಯಾಶ್‌ಬ್ಯಾಕು ಸಿಕ್ಕಿತು. ಈಗ ಅದನ್ನು ಕಿತ್ತರೆ ಶಕುನಿ ಪಾರ್ಟಿಗೆ ಗಿರಾಕಿ ಸಿಗಲ್ಲ.

ಅಳಿಯನಿಗೆ ಒಂದು ಭ್ರಮೆಯಿತ್ತು, ಕಥೆಯಲ್ಲಿ ತೂತು ಹುಡುಕುವ ವಿದ್ಯೆ ಗೇಮ್ ಆಡುವವರು ಕಂಡುಹಿಡಿದದ್ದು ಅಂತ. ಪಂಪ 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ ಬರೆಯುವಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನನಿಗೆ ಸಮೀಕರಿಸಿದ ಮೇಲೆ, ರಾಜನ ಹೆಂಡತಿಯನ್ನು ಐದು ಜನಕ್ಕೆ ಹಂಚಲು ಎಂಟೆದೆ ಬೇಕು. ಸರಿ, ಒಂದು ಎಳೆ ಎಳೆದ. ಆದರೆ ಬಟ್ಟೆ ಎಲ್ಲೆಲ್ಲೋ ಬಿಚ್ಚಿಕೊಂಡಿತು. ದುಶ್ಶಾಸನನನ್ನು ಕೊಂದು ಬಿಚ್ಚಿದ ಮುಡಿ ಕಟ್ಟಿಸುವವನು ಭೀಮ. ಹೆಂಡತಿ ತಮ್ಮನದು, ಪ್ರತಿಜ್ಞೆ ಭಾವನದು! ಗಂಡ ಅನ್ನಿಸಿಕೊಂಡವನು ಆಗ ಬಿಲ್ಲಿನ ಹೆದೆ ಸರಿ ಮಾಡುತ್ತಿದ್ದನೋ? ನಮ್ಮ ವಿದ್ವಾಂಸರು ಈ ಸಂದಿನೊಳಗೆ ಇಳಿದು ಪಿಎಚ್‌ಡಿ ಸಮೇತ ಮೇಲೆ ಬಂದಿದ್ದಾರೆ. ಭಾನುಮತಿ ಪಗಡೆಯಾಡಿದ್ದು ಗಂಡನ ಜೊತೆಗೋ ಕರ್ಣನ ಜೊತೆಗೋ, ಮುತ್ತಿನ ಹಾರಕ್ಕೆ ಕೈ ಹಾಕಿದ್ದು ಯಾರು ಅನ್ನುವ ಒಂದೇ ಪದ್ಯದ ಮೇಲೆ ದಶಕಗಟ್ಟಲೆ ಲೇಖನಗಳು ಗುದ್ದಾಡಿವೆ. ಟೀ ಅಂಗಡಿಯಲ್ಲಾದರೆ ಇದು ಹರಟೆ, ವಿಶ್ವವಿದ್ಯಾಲಯದಲ್ಲಾದರೆ ಸಂಶೋಧನೆ. ಟೀ ಅಂಗಡಿಯಲ್ಲಿ ಟೀ ಚೆನ್ನಾಗಿರುತ್ತದೆ, ಅಷ್ಟೇ ವ್ಯತ್ಯಾಸ.

ಕುಮಾರವ್ಯಾಸ ಹತ್ತು ಪರ್ವಕ್ಕೇ ಕಥೆ ಮುಗಿಸಿದ. ಉಳಿದ ಎಂಟು ಎಲ್ಲಿ ಅಂತ ಆಗಿನ ಅಭಿಮಾನಿಗಳೂ ಕೇಳಿರಬೇಕು, ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಕೂತು ಅದನ್ನು ಪೂರೈಸಿದ. ಸೀಕ್ವೆಲ್ ಅಂದರೆ ಇದೇ. ಅಳಿಯ ಹೇಳಿದ, ‘ಮಾಸ್ ಎಫೆಕ್ಟ್ 3’ ಅನ್ನುವ ಗೇಮು 2012ರ ಮಾರ್ಚಿನಲ್ಲಿ ಬಂದಾಗ ಕೊನೆ ಸರಿಯಿಲ್ಲ ಅಂತ ಆಡಿದವರು ರಂಪ ಮಾಡಿ, ಜೂನ್ ಹೊತ್ತಿಗೆ ಕಂಪನಿಯವರು ಕೊನೆಯನ್ನು ಹಿಗ್ಗಿಸಿ ಪುಕ್ಕಟೆ ಕೊಡುವ ಹಾಗೆ ಮಾಡಿದರು ಅಂತ. ನಮ್ಮಲ್ಲಿ ಮೂರು ತಿಂಗಳು ಯಾರು ಕಾಯುತ್ತಾರೆ? ಭೀಮ ತೊಡೆಗೆ ಹೊಡೆದ ಮೇಲೂ ದುರ್ಯೋಧನ ಸಾಯುವುದಿಲ್ಲ. ಸಾವಿರಗಟ್ಟಲೆ ಕೊಟ್ಟು ಪಾರ್ಟು ಹಿಡಿದವನು ಒಂದೇ ಏಟಿಗೆ ಸಾಯಲು ಅವನೇನು ಹುಚ್ಚನೇ? ಮುರಿದ ತೊಡೆಯಲ್ಲೇ ಮಂಡಿಯೂರಿ ಒಂದು ಹಾಡು, ಮುಂದಿನ ಸಾಲಿನಿಂದ ‘ಒನ್ಸ್ ಮೋರ್’, ಮತ್ತೊಂದು ಹಾಡು. ಅಷ್ಟರಲ್ಲಿ ಮೈಕಿನವನು, ಬಾವಂದಿರು ಕೊಟ್ಟ ಮುಯ್ಯಿ, ಸೋದರಮಾವ ಹಾಕಿದ ನೋಟಿನ ಹಾರ ಅಂತ ಪಟ್ಟಿ ಓದುತ್ತಾನೆ. ಭೀಮ ಗದೆ ಊರಿಕೊಂಡು ಆಕಳಿಸುತ್ತ ಕಾಯುತ್ತಾನೆ. ಹೆಗಲ ಮೇಲೆ ಶಾಲು ಬೀಳುವವರೆಗೆ ಪ್ರಾಣ ಹೋಗಕೂಡದು.

ಆಮೇಲೆ ಶುರು, ತೊಡೆಗೆ ಹೊಡೆದದ್ದು ಸರಿಯೋ ತಪ್ಪೋ. ನಾಭಿಯ ಕೆಳಗೆ ಗದೆ ಬೀಸುವಂತಿಲ್ಲ ಅಂತ ನಿಯಮ, ಬಲರಾಮನೇ ಸಿಟ್ಟಿಗೆದ್ದ. ದ್ರೌಪದಿಗೆ ತೊಡೆ ತೋರಿಸಿದ್ದು ಯಾರು, ಆ ಲೆಕ್ಕ ಬೇಡವೇ ಅಂತ ಭೀಮನ ಕಡೆಯವರು. ನ್ಯಾಯ ಯಾವ ಕಡೆ ವಾಲುತ್ತದೆ ಅನ್ನುವುದಕ್ಕೆ ಧರ್ಮಶಾಸ್ತ್ರ ನೋಡಬೇಕಿಲ್ಲ, ಆ ವರ್ಷ ದುರ್ಯೋಧನನ ಪಾರ್ಟು ಯಾವ ಬೀದಿಯವನು ಮಾಡಿದ್ದ ಅಂತ ನೋಡಿದರೆ ಸಾಕು. 2019ರ ‘ಕುರುಕ್ಷೇತ್ರ’ ಸಿನಿಮಾದಲ್ಲಿ ದುರ್ಯೋಧನನೇ ನಾಯಕನಾಗಿ ನಿಂತಾಗ ಪೇಟೆಯವರು ಹುಬ್ಬೇರಿಸಿದರೂ ನಮ್ಮವರು ಏರಿಸಲಿಲ್ಲ. ರನ್ನನ ಕಾಲದಿಂದ ರೂಢಿಯಾದದ್ದು. ರನ್ನ ಭೀಮನನ್ನು ನಾಯಕನೆಂದು ಹೇಳಿ ಹೊರಟು, ದುರ್ಯೋಧನನನ್ನು ಹೆಣಗಳ ನಡುವೆ ಒಬ್ಬನೇ ನಡೆಸಿ, ಹಗೆಯ ಮಗ ಅಭಿಮನ್ಯುವಿನ ಎದುರೂ ಕೈಮುಗಿಸಿ, ಓದಿದವರ ಕಣ್ಣೀರನ್ನೆಲ್ಲ ಅವನಿಗೇ ಬರೆದುಕೊಟ್ಟ.

ಪಾವಗಡದ ವಿಚಾರ ಬೇರೆ. ಸುತ್ತ ಆಂಧ್ರ, ನಾಲಿಗೆಗೆ ಎರಡು ಭಾಷೆ. ಅಲ್ಲಿ ಕರ್ಣ ಅಂದರೆ ಎನ್‌ಟಿಆರ್. 1977ರ ‘ದಾನ ವೀರ ಶೂರ ಕರ್ಣ’ದಲ್ಲಿ ಅವರೇ ಕರ್ಣ, ಅವರೇ ದುರ್ಯೋಧನ, ಅವರೇ ಕೃಷ್ಣ, ನಿರ್ದೇಶಕರೂ ಅವರೇ. ಅದೇ ವರ್ಷ ಇತ್ತ ‘ಬಬ್ರುವಾಹನ’ದಲ್ಲಿ ರಾಜ್‌ಕುಮಾರ್ ಅರ್ಜುನನೂ ಆಗಿ ಮಗನೂ ಆಗಿ ತಮ್ಮನ್ನು ತಾವೇ ಬೈದು ತಾವೇ ಹೊಡೆದುಕೊಂಡರು. ಎರಡೂ ಪಕ್ಷಕ್ಕೆ ಒಬ್ಬನೇ ನಿಂತರೆ ತಕರಾರೇ ಹುಟ್ಟುವುದಿಲ್ಲ. ಸೈಂಧವನನ್ನು ಕೊಲ್ಲಿಸಲು ಕೃಷ್ಣ ಚಕ್ರ ಅಡ್ಡ ಹಿಡಿದು ಸೂರ್ಯನನ್ನು ಮುಚ್ಚಿದನಲ್ಲ, ಒಂದು ಚಕ್ರ ಅಷ್ಟು ದೊಡ್ಡದಿರಲು ಸಾಧ್ಯವೇ ಅನ್ನುವ ವೈಜ್ಞಾನಿಕ ಪ್ರಶ್ನೆಯೂ ಪಾವಗಡದಲ್ಲಿ ಈಗ ಏಳುವುದಿಲ್ಲ. ತಿರುಮಣಿ ಕಡೆ 13,000 ಎಕರೆಯಲ್ಲಿ ಗಾಜು ಹಾಸಿ, 2,050 ಮೆಗಾವ್ಯಾಟ್ ಸೂರ್ಯನನ್ನು ಹಿಡಿದು ತಂತಿಗೆ ಕಟ್ಟಿರುವುದನ್ನು ನೋಡಿದವರಿಗೆ ಕೃಷ್ಣನದು ಸಣ್ಣ ಕೈಗಾರಿಕೆ.

ಅದೇ ಪಾವಗಡದಲ್ಲಿ ‘ಶನಿಮಹಾತ್ಮೆ’ ನಾಟಕ ಆಡಿದರೆ ಯಾರೂ ಉಸಿರೆತ್ತಲ್ಲ. ಗೋಡೆಯ ಮೇಲೆ ಬರೆದ ಹಂಸ ಕೆಳಗಿಳಿದು ಮುತ್ತಿನ ಹಾರ ನುಂಗುತ್ತದೆ, ಕಳ್ಳತನ ವಿಕ್ರಮರಾಜನ ತಲೆಗೆ ಬರುತ್ತದೆ. ಚಿತ್ರಕ್ಕೆ ಗಂಟಲೆಲ್ಲಿಂದ ಬಂತು, ಒಂದು ಮಾತು ಅಂದದ್ದಕ್ಕೆ ಏಳೂವರೆ ವರ್ಷ ಕಾಡುವುದು ಯಾವ ನ್ಯಾಯ ಅಂತ ಶಿರಾದಲ್ಲಿ ಬೇಕಾದರೆ ಕೇಳಿ. ಪಾವಗಡದಲ್ಲಿ ಶನಿಮಹಾತ್ಮನ ದೇವಸ್ಥಾನವೇ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ದೂರದಲ್ಲಿದೆ. ಪಾತ್ರದ ಉದ್ದೇಶ ವಿಚಾರಿಸಲು ಹೋಗಿ, ಪಾತ್ರವೇ ನಮ್ಮನ್ನು ವಿಚಾರಿಸಿಕೊಳ್ಳಲು ಬಂದರೆ?

ನನಗೆ ತಿಳಿದ ಮಟ್ಟಿಗೆ ಗುಟ್ಟು ಇಷ್ಟೇ. ಭಯ ಇದ್ದ ಕಡೆ ತಕರಾರಿಲ್ಲ, ಬಂಡವಾಳ ಇದ್ದ ಕಡೆ ಮಾತ್ರ ತಕರಾರು. ದುಡ್ಡು ಕೊಟ್ಟು, ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟು ಕಂದ ಪದ್ಯ ಉರು ಹೊಡೆದು, ಬಣ್ಣ ಬಳಿದುಕೊಂಡು ನಿಂತವನಿಗೆ ತನ್ನ ಪಾತ್ರ ಕಾರಣವಿಲ್ಲದೆ ಕೆಟ್ಟದ್ದು ಅಂದರೆ ಹೊಟ್ಟೆ ಉರಿಯುತ್ತದೆ. ಅಳಿಯನ ಕೋಪವೂ ಅದೇ. ಮೊದಲ ಭಾಗದಲ್ಲಿ ಡಾಕ್ಟರನ್ನು ಕೊಂದ ಗುಂಡಿ ಒತ್ತಿದ್ದು ಇವನ ಬೆರಳೇ. ಏಳು ವರ್ಷದ ಮೇಲೆ ಆ ಡಾಕ್ಟರ ಮಗಳನ್ನು ತಂದು ಎದುರಿಗೆ ನಿಲ್ಲಿಸಿ, ನೋಡಪ್ಪ ನೀನು ಮಾಡಿದ್ದು ಅಂದರೆ, ಪಾಪ ಹುಡುಗ, ಕಥೆಯಲ್ಲೇ ತೂತಿದೆ ಅನ್ನದೆ ಇನ್ನೇನು ಅಂದಾನು?

ಇಷ್ಟು ಹೇಳಿದ್ದೇ ತಪ್ಪಾಯಿತೋ ಏನೋ, ಮುಂದಿನ ಶಿವರಾತ್ರಿಗೆ ತಾನೂ ಕುರುಕ್ಷೇತ್ರದಲ್ಲಿ ಪಾರ್ಟು ಹಿಡಿಯುತ್ತೇನೆ ಅಂತ ಅಳಿಯ ಕೂತಿದ್ದಾನೆ. ಯಾವ ಪಾರ್ಟು ಅಂತ ಮೇಷ್ಟ್ರು ಕೇಳಿದರೆ ಅಶ್ವತ್ಥಾಮ ಅಂದನಂತೆ. ಮೇಷ್ಟ್ರು ಮುಖ ಹುಳ್ಳಗೆ ಮಾಡಿದರು. ಹಾಡು ಕಮ್ಮಿ, ವಸೂಲಿಯೂ ಕಮ್ಮಿ. ದೊಡ್ಡಪ್ಪ ಮಾತ್ರ ಬೆನ್ನು ಚಪ್ಪರಿಸಿದರು.

“ಒಳ್ಳೆ ಪಾರ್ಟೇ ಹಿಡ್ದಿದ್ದೀಯ ಬಿಡ್ಲಾ. ಚಿರಂಜೀವಿ ಅವ್ನು. ಎಷ್ಟು ಭಾಗ ಬಂದ್ರೂ ಕೆಲ್ಸ ಗ್ಯಾರಂಟಿ.”