ಪೌಲನ ಜೊತೆಗಾರ ಬಾರ್ನಬನಿಗೊಂದು ಬಹಿರಂಗ ಪತ್ರ

ಪೂಜ್ಯ ಬಾರ್ನಬನವರೇ,

ಪೌಲನ ಪತ್ರಗಳನ್ನು ಜಗತ್ತೆಲ್ಲ ಓದುತ್ತದೆ. ನಿಮ್ಮದೆಂದು ಖಚಿತವಾಗಿ ಹೇಳಬಹುದಾದ ಒಂದು ಸಾಲೂ ಉಳಿದಿಲ್ಲ. ಆದರೂ ಅವನನ್ನು ಓದುವಾಗಲೆಲ್ಲ ನನಗೆ ನೆನಪಾಗುವವರು ನೀವು.

ಮುಂದೆ ಪೌಲನೆನಿಸಿದ ಸೌಲ ಯೆರೂಸಲೇಮಿಗೆ ಬಂದ ದಿನಗಳನ್ನೇ ನೋಡಿ. ಸ್ತೆಫನನನ್ನು ಕಲ್ಲೆಸೆದು ಕೊಂದವರ ಬಟ್ಟೆ ಕಾದಿದ್ದವನು, ಮನೆಮನೆಗೆ ನುಗ್ಗಿ ಗಂಡಸರು ಹೆಂಗಸರೆನ್ನದೆ ಸೆರೆಮನೆಗೆ ಎಳೆಸಿದ್ದವನು, ಈಗ ನಾನೂ ನಿಮ್ಮವನೇ ಎಂದರೆ ಯಾರು ನಂಬಿಯಾರು? ಶಿಷ್ಯರು ಹೆದರಿದ್ದರಲ್ಲಿ ತಪ್ಪಿಲ್ಲ. ನೀವು ಮಾತ್ರ ಅವನನ್ನು ಕರೆದೊಯ್ದು ಅಪೊಸ್ತಲರ ಮುಂದೆ ನಿಲ್ಲಿಸಿದಿರಿ. ಹೊಲ ಮಾರಿ ಬಂದ ಹಣವನ್ನು ಅವರ ಪಾದದ ಬಳಿ ಇಟ್ಟವರು ನೀವು. ನಿಮ್ಮ ಮಾತಿಗೆ ಅಲ್ಲಿ ಬೆಲೆಯಿತ್ತು. ಅದನ್ನೆಲ್ಲ ಅವನಿಗಾಗಿ ಪಣಕ್ಕಿಟ್ಟಿರಿ. ಮುಂದೆ ಅಂತಿಯೋಕ್ಯದ ಸಭೆ ಬೆಳೆದಾಗ ತಾರ್ಸದವರೆಗೆ ಹೋಗಿ ಅವನನ್ನು ಹುಡುಕಿ ತಂದವರೂ ನೀವೇ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದು ಆ ಊರಲ್ಲಿ.

ಸೈಪ್ರಸ್‌ಗೆ ಹೊರಟಾಗ ನಿಮ್ಮ ಹೆಸರು ಮೊದಲು, ಸೌಲನದು ಆಮೇಲೆ. ಪಾಫೋಸ್‌ನಲ್ಲಿ ಹಡಗು ಹತ್ತುವಷ್ಟರಲ್ಲಿ ಪೌಲನೂ ಅವನ ಜೊತೆಯವರೂ ಎಂದಷ್ಟೇ ಬರೆದಿದೆ. ನೀವು ಬೇಸರಪಟ್ಟಿರೆಂಬ ಸುಳಿವು ಅಪೊಸ್ತಲರ ಕೃತ್ಯಗಳಲ್ಲಿ ಎಲ್ಲೂ ಇಲ್ಲ.

ನನ್ನ ಸಂಕಟವಿರುವುದು ಮಾರ್ಕನ ವಿಷಯದಲ್ಲಿ. ಆ ಪ್ರಯಾಣವನ್ನು ಪಂಫುಲ್ಯದಲ್ಲಿ ಅರ್ಧಕ್ಕೇ ಬಿಟ್ಟುಹೋದವನನ್ನು ಮತ್ತೆ ಸೇರಿಸಿಕೊಳ್ಳಲು ಪೌಲ ಸುತರಾಂ ಒಪ್ಪಲಿಲ್ಲ. ಮಾರ್ಕ ನಿಮ್ಮ ಸಂಬಂಧಿ. ಆ ಮಮತೆಯೂ ಇದ್ದಿರಬಹುದು. ಆದರೆ ಯೆರೂಸಲೇಮಿನಲ್ಲಿ ಸೌಲನ ಹಳೆಯ ಲೆಕ್ಕ ತೆಗೆಯದ ನೀವು ಮಾರ್ಕನ ಲೆಕ್ಕ ಹೇಗೆ ತೆಗೆದೀರಿ? ಆ ಉಪಕಾರದಿಂದಲೇ ಬದುಕು ಕಟ್ಟಿಕೊಂಡ ಪೌಲನಿಗೆ ಇದು ಹೊಳೆಯಬೇಕಿತ್ತು. ಜಗಳ ವಿಕೋಪಕ್ಕೆ ಹೋಗಿ ಅವನು ಸೀಲನನ್ನು ಕರೆದುಕೊಂಡು ಹೊರಟ. ನೀವು ಮಾರ್ಕನೊಂದಿಗೆ ಸೈಪ್ರಸ್‌ಗೆ ಹೋದಿರಿ. ಕೃತ್ಯಗಳ ಕಥೆ ಪೌಲನ ಬೆನ್ನು ಹಿಡಿಯಿತು. ಅಲ್ಲಿಂದಾಚೆ ಅದರಲ್ಲಿ ನಿಮ್ಮ ಸುದ್ದಿಯೇ ಇಲ್ಲ.

ನೀವು ಎಡವಲೇ ಇಲ್ಲವೆಂದು ಹೇಳಲಾರೆ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯೇತರರ ಪಂಕ್ತಿ ಬಿಟ್ಟು ದೂರವಾದಾಗ ನೀವೂ ದೂರವಾದಿರಿ. ಗಲಾತ್ಯದವರಿಗೆ ಬರೆಯುವಾಗ ಪೌಲ ಅದನ್ನು ಮುಚ್ಚಿಡಲಿಲ್ಲ. ಅಂದು ನ್ಯಾಯ ಅವನ ಕಡೆಗಿತ್ತು. ಮಾರ್ಕನ ವಿಷಯದಲ್ಲಿ ನಿಮ್ಮ ಕಡೆಗೆ.

ಸೈಪ್ರಸ್ ನಿಮ್ಮನ್ನು ಮರೆಯಲಿಲ್ಲ. 5ನೆಯ ಶತಮಾನದ ಕೊನೆಯಲ್ಲಿ ಸಾಲಮಿಸ್ ಬಳಿ ನಿಮ್ಮ ಸಮಾಧಿ ಸಿಕ್ಕಿತೆಂದು ಸಾರಿದ ಅಲ್ಲಿನ ಸಭೆ, ಅದನ್ನೇ ಮುಂದಿಟ್ಟು ಅಂತಿಯೋಕ್ಯದ ಹಿಡಿತಕ್ಕೆ ಸಿಗದೆ ಸ್ವತಂತ್ರವಾಗಿ ಉಳಿಯಿತು. ಜೂನ್ 11 ನಿಮ್ಮ ಹಬ್ಬ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಒಂದು ಕೋರಿಕೆ. ಸಾವನ್ನು ಎದುರು ನೋಡುತ್ತಿರುವ ಪೌಲ ಅಲ್ಲಿ ಮಾರ್ಕನನ್ನೇ ಕೇಳುತ್ತಾನೆ. ಅವನು ತನ್ನ ಸೇವೆಗೆ ಬೇಕಾದವನು ಎನ್ನುತ್ತಾನೆ. ಎರಡನೆಯ ಸುವಾರ್ತೆ ಬರೆದವನೂ ಈ ಮಾರ್ಕನೇ ಎಂಬುದು ಸಭೆಯ ಹಳೆಯ ನಂಬಿಕೆ. ಅವನನ್ನು ಕೈಬಿಡದೆ ಉಳಿಸಿಕೊಟ್ಟ ನಿಮ್ಮ ಹೆಸರನ್ನು ಆ ಪತ್ರ ಹೇಳುವುದಿಲ್ಲ. ಹೇಳಬೇಕಿತ್ತು ಎಂಬುದಕ್ಕಾಗಿಯೇ ಇಷ್ಟು ಬರೆದೆ.

ಇಂತಿ,
ನಿಮ್ಮ ಓದುಗ