ಮೂವತ್ತನಾಲ್ಕರ ಕೇಸರಿಭಾತ್

ನ್ಯೂಜೆರ್ಸಿಯ ಮಗಳ ಮನೆಗೆ ಬಂದ ಮೂರನೇ ದಿನವೇ ನಾನು ಮಾನ ಕಳೆದುಕೊಂಡೆ. ಎದುರು ಮನೆಯ ಹಾಸನದ ಹೆಂಗಸು ತಟ್ಟೆ ತುಂಬ ಕೇಸರಿಭಾತ್ ತಂದು, ‘ಮಗನಿಗೆ ಎ.ಸಿ.ಟಿ.ಯಲ್ಲಿ 34 ಬಂತು ಆಂಟಿ’ ಅಂದಳು. ಎಸ್ಸೆಸ್ಸೆಲ್ಸಿಗೆ 35 ಬಂದರೆ ಪಾಸು ಅನ್ನುವ ಲೆಕ್ಕದಲ್ಲಿ ಇಬ್ಬರು ತಮ್ಮಂದಿರನ್ನು ದಡ ಮುಟ್ಟಿಸಿದವಳು ನಾನು. ಅವಳ ಕೈ ಹಿಡಿದು, ‘ಒಂದೇ ಮಾರ್ಕಿಗೆ ಹೋಯ್ತಲ್ಲಮ್ಮ! ಅಳಬೇಡ, ಸಪ್ಲಿಮೆಂಟರಿ ಕಟ್ಟಲಿ’ ಅಂದೆ. ಅವಳೇನೂ ಅಳುತ್ತಿರಲಿಲ್ಲ. ಒಳಗಿನಿಂದ ಮಗಳು ಓಡಿ ಬಂದಳು. ಎ.ಸಿ.ಟಿ.ಯ ಪೂರ್ತಿ ಅಂಕವೇ 36 ಅಂತ ತಿಳಿದದ್ದು ಆಮೇಲೆ. ಕೇಸರಿಭಾತಿನಲ್ಲಿ ಅಷ್ಟೊಂದು ಗೋಡಂಬಿ ಯಾಕಿತ್ತು ಅನ್ನುವುದೂ ಆಗಲೇ ಹೊಳೆಯಿತು.

ನಮ್ಮ ಮೊಮ್ಮಗಳು ಹನ್ನೊಂದನೇ ಕ್ಲಾಸು. ಒಳ್ಳೆಯ ಕಾಲೇಜು ಬೇಕೆಂದರೆ ಎಸ್.ಎ.ಟಿ. ಇಲ್ಲವೇ ಎ.ಸಿ.ಟಿ. ಬರೆಯಬೇಕು. ಕಾಲೇಜಿನವರಿಗೆ ಎರಡೂ ಒಂದೇ. ಕಷ್ಟ ಇರುವುದೇ ಅಲ್ಲಿ. ಒಂದು ಮೇಲು, ಇನ್ನೊಂದು ಕಮ್ಮಿ ಅಂತಿದ್ದರೆ ಜಗಳ ಒಂದೇ ಸಂಜೆಗೆ ಮುಗಿಯುತ್ತಿತ್ತು. ಅಳಿಯಂದಿರದು ಎಸ್.ಎ.ಟಿ. ಪಕ್ಷ, ಮಗಳದು ಎ.ಸಿ.ಟಿ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರಲ್ಲಿ ಅಳಿಯಂದಿರ ಎಕ್ಸೆಲ್ ಶೀಟು. ಪಕ್ಕದಲ್ಲಿ ನಾನು ಮಾಡಿದ ಹುಳಿ ಆರುತ್ತಿರುತ್ತದೆ. ಬರೆಯಬೇಕಾದವಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹಪ್ಪಳ ಮುರಿಯುತ್ತಿರುತ್ತಾಳೆ.

‘ಎಸ್.ಎ.ಟಿ. ಅಂದ್ರೆ ಏನು?’ ಅಂತ ಕೇಳಿದೆ. ಹಿಂದೆ ಸ್ಕೊಲಾಸ್ಟಿಕ್ ಆಪ್ಟಿಟ್ಯೂಡ್ ಟೆಸ್ಟ್ ಅಂತಿತ್ತಂತೆ. ಈಗ ಆ ಅಕ್ಷರಗಳಿಗೆ ಅರ್ಥವೇ ಇಲ್ಲವಂತೆ. ಎ.ಸಿ.ಟಿ.ಯದೂ ಇದೇ ಕಥೆ. ನಮ್ಮಲ್ಲಿ ಹೆಸರಿನ ಮುಂದೆ ಅಕ್ಷರವಿದ್ದರೆ ಊರಿನದೋ ಅಪ್ಪನದೋ ಆಗಿರುತ್ತದೆ. ಊರೂ ಇಲ್ಲದ ಅಪ್ಪನೂ ಇಲ್ಲದ ಈ ಅಕ್ಷರಗಳು ಒಂದು 1926ರಿಂದ, ಇನ್ನೊಂದು 1959ರಿಂದ ಇಡೀ ದೇಶದ ಮಕ್ಕಳನ್ನು ಕೂರಿಸಿ ಏಳಿಸುತ್ತಿವೆ.

ನಿದ್ದೆ ಬಾರದ ಒಂದು ರಾತ್ರಿ ಮೊಮ್ಮಗಳು ಮಾದರಿ ಪರೀಕ್ಷೆಗೆ ನನ್ನನ್ನೇ ಕೂರಿಸಿದಳು. ಎಸ್.ಎ.ಟಿ.ಯಲ್ಲಿ ಒಂದು ಚಿಕ್ಕ ಪ್ಯಾರಾ, ಅದಕ್ಕೊಂದು ಪ್ರಶ್ನೆ, ವಾರಪತ್ರಿಕೆಯ ಚುಟುಕದ ಹಾಗೆ. ಎ.ಸಿ.ಟಿ.ಯದು ಧಾರಾವಾಹಿ. ಉದ್ದಕ್ಕೆ ಓದಿಸಿ ಆಮೇಲೆ ಸಾಲು ಸಾಲು ಪ್ರಶ್ನೆ ಹಾಕುತ್ತದೆ. ಮೊದಲನೆಯದಕ್ಕೆ 98 ಪ್ರಶ್ನೆ, 134 ನಿಮಿಷ. ಎರಡನೆಯದಕ್ಕೆ 131 ಪ್ರಶ್ನೆ, 125 ನಿಮಿಷ. ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಎರಡು ಪ್ರಶ್ನೆ ಹೋಗಿಬಿಟ್ಟವು. ಎ.ಸಿ.ಟಿ.ಯಲ್ಲಿ 2025ರಿಂದ ಬೇಕಾದವರಿಗೆ ಮಾತ್ರ ಇರುವ ವಿಜ್ಞಾನದ ಭಾಗದಲ್ಲಿ ಕೋಷ್ಟಕ, ಗ್ರಾಫು ಓದುವುದೇ ಹೆಚ್ಚು. ಪಂಚಾಂಗ ನೋಡಿ ಪಳಗಿದ ಕಣ್ಣು ನನ್ನದು, ಮಾರ್ಕು ಬಂದದ್ದು ಅಲ್ಲಿ ಮಾತ್ರ.

ಎಸ್.ಎ.ಟಿ.ಯ ಒಂದು ಗುಟ್ಟು ಮಾತ್ರ ಯಾರೂ ಹೇಳಿಕೊಡದೆ ನನಗೆ ಅರ್ಥವಾಯಿತು. ಈಗ ಅದು ಕಂಪ್ಯೂಟರಿನ ಮೇಲೆ. ಪ್ರತಿ ವಿಷಯಕ್ಕೂ ಎರಡು ಕಂತು. ಮೊದಲ ಕಂತು ಚೆನ್ನಾಗಿ ಮಾಡಿದರೆ ಎರಡನೆಯದು ಕಷ್ಟದ್ದು ಬರುತ್ತದೆ, ಕೆಡಿಸಿದರೆ ಸುಲಭದ್ದು. ಇದು ನಮ್ಮ ಅತ್ತೆಯವರ ಪದ್ಧತಿ! ಮದುವೆಯಾದ ಮೊದಲ ಯುಗಾದಿಗೆ ನಾನು ಹೋಳಿಗೆ ಚೆನ್ನಾಗಿ ತಟ್ಟಿದೆ. ಮರುವರ್ಷ ಎರಡು ಸೇರು ಬೇಳೆಯ ಹೂರಣ ನನ್ನ ಮುಂದೆ ಬಂತು. ಓರಗಿತ್ತಿ ಮೊದಲ ಸಲವೇ ಸೀಯಿಸಿದಳು, ಅವಳಿಗೆ ಎಲೆ ಹಾಕುವ ಕೆಲಸ ಸಿಕ್ಕಿತು. ಸುಲಭದ ಕಂತು ಸಿಕ್ಕವರ ಅಂಕ ಒಂದು ಮಟ್ಟದ ಮೇಲೆ ಏರುವುದಿಲ್ಲ ಅಂತ ಅಳಿಯಂದಿರು ಹೆದರಿಸುತ್ತಾರೆ. ಇರಬಹುದು. ಓರಗಿತ್ತಿಗೆ ಮಂಡಿನೋವಿಲ್ಲ, ನನಗಿದೆ.

‘ಎರಡೂ ಬರೆಯದಿದ್ದರೆ?’ ಅಂತಲೂ ಕೇಳಿ ನೋಡಿದೆ. 2020ರ ಕೊರೊನಾ ಕಾಲದಲ್ಲಿ ಎಷ್ಟೋ ಕಾಲೇಜುಗಳು, ಅಂಕ ಕಳಿಸಿದರೂ ಸರಿ, ಬಿಟ್ಟರೂ ಸರಿ ಅಂದವು. ಮದುವೆ ಕರೆಯೋಲೆಯ ‘ಆಶೀರ್ವಾದವೇ ಉಡುಗೊರೆ’ ಇದ್ದ ಹಾಗೆ. ಅದನ್ನು ನಂಬಿ ಬರಿಗೈಯಲ್ಲಿ ಹೋಗಿ, ಮುಂದಿದ್ದವರ ಕೈಯಲ್ಲಿ ಕವರು ಕಂಡು, ಸಾಲಿನಿಂದ ಮೆಲ್ಲಗೆ ಜಾರಿಕೊಂಡವಳು ನಾನು. ಎಂ.ಐ.ಟಿ.ಯವರು 2022ರಲ್ಲೇ ಮತ್ತೆ ಅಂಕ ಬೇಕೇ ಬೇಕು ಅಂದರು, ಡಾರ್ಟ್‌ಮತ್‌ನವರು 2024ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಾತ್ರ ಸೀಟು ಕೊಡುವಾಗ ಈ ಕವರು ಒಡೆದೇ ನೋಡುವುದಿಲ್ಲ. ‘ಅಲ್ಲಿಗೆ ಹೋಗಲಿ’ ಅಂದೆ. ‘ಸುಮ್ನಿರಮ್ಮ, ಅಷ್ಟು ದೂರ’ ಅಂದಳು ಮಗಳು. ಮೈಸೂರಿನಿಂದ ಇಲ್ಲಿಗೆ ಬಂದು ಕೂತವಳು ಹೇಳುವ ಮಾತು!

ಕೊನೆಗೆ ತೀರ್ಮಾನ ಮಾಡಿದ್ದು ಕ್ಯಾಲೆಂಡರು. ಎ.ಸಿ.ಟಿ. ಇದ್ದ ಶನಿವಾರವೇ ಕನ್ನಡ ಕೂಟದ ಯುಗಾದಿ, ಅವಳದು ಕೋಲಾಟ. ಎಸ್.ಎ.ಟಿ.ಗೆ ಹೆಸರು ಕೊಟ್ಟದ್ದಾಯಿತು. ಅಳಿಯಂದಿರು ಎಕ್ಸೆಲ್ ಶೀಟು ಗೆದ್ದಿತೆಂದು ನಂಬಿದ್ದಾರೆ, ನಾವ್ಯಾರೂ ತಿದ್ದಿಲ್ಲ.

ಎದುರು ಮನೆಗೆ ಬರಿ ತಟ್ಟೆ ವಾಪಸು ಕೊಡಬಾರದಲ್ಲ, ಕೋಡುಬಳೆ ಕರಿದುಕೊಂಡು ಹೋದೆ. 34 ಅಂದರೆ ಎಸ್.ಎ.ಟಿ.ಯಲ್ಲಿ ಹೆಚ್ಚುಕಮ್ಮಿ 1600ಕ್ಕೆ 1500 ಬಂದ ಹಾಗೆ ಅಂತ ಈಗ ನನಗೂ ಗೊತ್ತು. ಕ್ಷಮೆ ಕೇಳೋಣ ಅಂತ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: ಹುಡುಗನಿಗೆ 36 ಬೇಕಂತೆ, ಇನ್ನೊಂದು ಸಲ ಕಟ್ಟಿದ್ದಾನಂತೆ.