ಡೈಸಿಯವರಿಗೆ ಕಾರಣ ಕೇಳಿ ಒಂದು ಬಹಿರಂಗ ಪತ್ರ

ಮಾನ್ಯ ಡೈಸಿಯಾಂಡಯಮೈಡ್ ಅವರೇ,

ಕಾರ್ಖಾನೆಯಲ್ಲಿ ಎಲ್ಲರೂ ತಮ್ಮನ್ನು ‘ಡೈಸಿ’ ಎಂದೇ ಕರೆಯುವುದರಿಂದ ನಾನೂ ಹಾಗೇ ಕರೆಯುತ್ತೇನೆ. ತಮ್ಮ ಮೇಲಿನ ದೂರುಗಳ ಕಡತ ದಪ್ಪವಾಗಿದೆ. ಒಳಗೊಳಗೇ ಮುಚ್ಚಿಹಾಕಿದರೆಂಬ ಮಾತು ಬಾರದಿರಲಿ ಎಂದು ನಾಲ್ಕು ಜನರೆದುರಿಗೇ ಕಾರಣ ಕೇಳುತ್ತಿದ್ದೇನೆ.

ಮೊದಲನೆಯದು, ಸೋಮಾರಿತನ. ಎಪಾಕ್ಸಿ ರೆಸಿನ್ ಗಟ್ಟಿ ಮಾಡಲೆಂದು ತಮ್ಮನ್ನು ನೇಮಿಸಿಕೊಂಡದ್ದು. ಆದರೆ ರೆಸಿನ್ನಿನೊಳಗೆ ಕಲಸಿ ಡಬ್ಬಿ ಮುಚ್ಚಿದರೆ, ಸಾಧಾರಣ ಹವೆಯಲ್ಲಿ ಆರು ತಿಂಗಳಾದರೂ ತಾವು ಕೂತಲ್ಲಿಂದ ಏಳುವುದಿಲ್ಲ. ಇದಕ್ಕೆ ತಮ್ಮ ಕಡೆಯವರು ಕೊಡುವ ಸಮಜಾಯಿಷಿ ಹೀಗಿದೆ: ತಾವು 209 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಬಿಳಿ ಪುಡಿ, ಎಷ್ಟೇ ನುಣ್ಣಗೆ ಅರೆದು ಬೆರೆಸಿದರೂ ತಣ್ಣಗಿನ ರೆಸಿನ್ನಿನಲ್ಲಿ ಕರಗದೆ ಕಣಗಳಾಗಿಯೇ ಉಳಿಯುತ್ತೀರಿ, ಕರಗಿ ಬೆರೆಯದ ಮೇಲೆ ಕ್ರಿಯೆ ಎಲ್ಲಿಂದ ಬರಬೇಕು? ಸಮಜಾಯಿಷಿ ಸೊಗಸಾಗಿದೆ. ನಮ್ಮ ಎಷ್ಟೋ ಇಲಾಖೆಗಳಿಗೂ ಇದು ಇನ್ನೂ ಹೊಳೆದಿಲ್ಲ.

ಎರಡು ಟ್ಯೂಬಿನ ಅಂಟನ್ನು ನೋಡಿಯಾದರೂ ಕಲಿಯಬಾರದೆ? ಅಲ್ಲಿನ ಹಾರ್ಡನರ್ ರೆಸಿನ್ನನ್ನು ಮುಟ್ಟಿದ್ದೇ ತಡ, ಕೆಲಸಕ್ಕಿಳಿಯುತ್ತದೆ. ಕೆಲವು ಬಗೆಗೆ ಐದು ನಿಮಿಷ ಧಾರಾಳ. ಹಚ್ಚುವಷ್ಟರಲ್ಲಿ ಬಟ್ಟಲಿನಲ್ಲೇ ಗಟ್ಟಿಯಾಗುತ್ತದೆ, ಅಳತೆ ಹೆಚ್ಚುಕಡಿಮೆಯಾದರೆ ಜಿಗುಟು ಜಿಗುಟಾಗಿ ಉಳಿಯುತ್ತದೆ ಎಂಬುದೆಲ್ಲ ನಿಜ. ಆದರೆ ಆ ಚುರುಕು ನೋಡಿ! ಹಾಳಾದ ಮಾಲಿನ ಲೆಕ್ಕ ಬೇರೆ ಪುಸ್ತಕದಲ್ಲಿ ಬರೆದರಾಯಿತು.

ಎರಡನೆಯದು, ಷರತ್ತು. ಸುಮಾರು 180 ಡಿಗ್ರಿ ಶಾಖ ಕೊಡದೆ ತಾವು ಕೈ ಆಡಿಸುವುದಿಲ್ಲ. ಅಷ್ಟು ಶಾಖಕ್ಕೆ ಹಣವೆಲ್ಲಿ ಎಂದರೆ ಕಾರು ಕಾರ್ಖಾನೆಯ ಬಣ್ಣದ ಓವನ್ ತೋರಿಸುತ್ತೀರಿ. ಉಕ್ಕಿನ ಹಾಳೆಗಳ ನಡುವೆ ಅಂಟಿನೊಳಗೆ ಕೂತು, ತೊಳೆಯುವ ತೊಟ್ಟಿ, ಎಲೆಕ್ಟ್ರೋಕೋಟ್ ತೊಟ್ಟಿಗಳಲ್ಲಿ ಮುಳುಗೆದ್ದು, ಬಣ್ಣ ಬೇಯಿಸಲೆಂದು ಹೇಗೂ ಕಾಯಿಸಿದ ಓವನ್ನಿನಲ್ಲಿ ತಮ್ಮ ಕೆಲಸವನ್ನೂ ಮುಗಿಸಿಬಿಡುತ್ತೀರಿ. ಬಣ್ಣವೂ ಬೆಂದಿತು, ಬಾಡಿಯೂ ಬೆಸೆಯಿತು. ಇದಕ್ಕೆಂದೇ ಇನ್ನೊಂದು ಓವನ್ನಿಗೆ ಟೆಂಡರ್ ಕರೆಯುವ ಅವಕಾಶ ತಮ್ಮಿಂದಾಗಿ ಕೈತಪ್ಪಿತು.

ಮೂರನೆಯದು, ವಶೀಲಿ. ಯೂರಿಯಾ ಮನೆತನದ ‘ಯೂರಾನ್’ಗಳು ಜೊತೆಗಿದ್ದರೆ ತಾವು 120–130 ಡಿಗ್ರಿಗೇ ಒಪ್ಪುತ್ತೀರಿ. ಅವರಲ್ಲೊಬ್ಬರಾದ ಡೈಯುರಾನ್ ಹೊಲದಲ್ಲಿ ಕಳೆನಾಶಕದ ಕೆಲಸ ಮಾಡುವವರು. ಇಂಥ ವೇಗವರ್ಧಕರು ಪುಕ್ಕಟೆ ಬರುವುದಿಲ್ಲ. ಇಳಿಸಿದ ಡಿಗ್ರಿಗೆ ಬದಲಾಗಿ ಡಬ್ಬಿಯ ಆಯುಸ್ಸನ್ನು ಮುರಿದುಕೊಳ್ಳುತ್ತಾರೆ.

ನಾಲ್ಕನೆಯದು, ಅನುಮತಿಯಿಲ್ಲದ ಹೊರಗಿನ ದುಡಿಮೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತಯಾರಾಗುವುದು ತಮ್ಮಿಂದಲೇ. ನ್ಯೂಜಿಲೆಂಡಿನ ಹುಲ್ಲುಗಾವಲಲ್ಲಿ ಸಾರಜನಕ ಸೋರದಂತೆ ತಡೆಯಲೂ ಹೋಗಿದ್ದಿರಿ. 2013ರ ಜನವರಿಯಲ್ಲಿ ಹಾಲಿನಲ್ಲಿ ತಮ್ಮ ಕುರುಹು ಸಿಕ್ಕಿದ್ದು ಸುದ್ದಿಯಾಯಿತು. ಆರೋಗ್ಯಕ್ಕೆ ಅಪಾಯವಿಲ್ಲವೆಂದು ಸರ್ಕಾರ ಹೇಳಿದರೂ ಗೊಬ್ಬರ ಕಂಪನಿಗಳು ತಮ್ಮನ್ನು ಮನೆಗೆ ಕಳಿಸಿದವು. ವಿಮಾನದ ಕಾರ್ಬನ್ ನಾರಿನ ವಿಭಾಗದಲ್ಲಿರುವ ತಮ್ಮ ಸಹೋದ್ಯೋಗಿ ಡಿಡಿಎಸ್ ಕೂಡ ಕಡಿಮೆಯಿಲ್ಲ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಮಾತ್ರೆ ಅವರೇ.

ಇಷ್ಟಾದರೂ ಹಿಂಬಡ್ತಿ ತಮಗೆ ಹೊಸದಲ್ಲ. 2006ರ ಜುಲೈಯಲ್ಲಿ ಯುರೋಪು ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸವನ್ನು ನಿರ್ಬಂಧಿಸಿತು. 183 ಡಿಗ್ರಿಗೆ ಕರಗುತ್ತಿದ್ದ ಬೆಸುಗೆಯ ಜಾಗಕ್ಕೆ 217ರ ಸುತ್ತ ಕರಗುವ ಬೆಸುಗೆ ಬಂತು. ಆ ಬಿಸಿಗೆ ತಾವು ಗಟ್ಟಿ ಮಾಡಿದ ಸರ್ಕಿಟ್ ಬೋರ್ಡು ಸರಿಯಾಗಿ ತಾಳಲಿಲ್ಲ. ಅನೇಕ ಕಡೆ ಆ ಕುರ್ಚಿ ಫೀನಾಲಿಕ್ ನೋವೊಲ್ಯಾಕ್ ಪಾಲಾಯಿತು. ತಾವು ಆಗಲೂ ಮುಷ್ಕರ ಹೂಡಲಿಲ್ಲ.

ಕೊನೆಯದು ಕೋಪ, ಇದರಲ್ಲಿ ತಮಾಷೆಯಿಲ್ಲ. ತೆಳು ಪದರದಲ್ಲಿ ತಾವು ಸಾಧು. ದಪ್ಪ ಮುದ್ದೆಯನ್ನು ಒಮ್ಮೆಲೇ ಕಾಯಿಸಿದರೆ, ಕ್ರಿಯೆಯಿಂದ ಹುಟ್ಟಿದ ಶಾಖ ಹೊರಹೋಗಲಾರದೆ ಒಳಗೇ ಏರುತ್ತದೆ. ಏರಿದ ಶಾಖ ಕ್ರಿಯೆಯನ್ನು ಇನ್ನಷ್ಟು ಕೆರಳಿಸುತ್ತದೆ. ಕೊನೆಗೆ ಉಳಿಯುವುದು ಹೊಗೆ ಮತ್ತು ಕರಕಲು.

ಎಲ್ಲವನ್ನೂ ಪರಿಶೀಲಿಸಲಾಗಿ ಆದೇಶ ಇಷ್ಟು: ಕರೆದಾಗ ಬಂದು, ಕರೆಯದಾಗ ಸುಮ್ಮನಿರುವ ನೌಕರರು ಅಪರೂಪವಾದ್ದರಿಂದ ತಮ್ಮನ್ನು ಅದೇ ಹುದ್ದೆಯಲ್ಲಿ ಮುಂದುವರಿಸಲಾಗಿದೆ. ಉಗ್ರಾಣದವರು ಡಬ್ಬಿಯನ್ನು ತಂಪಿನಲ್ಲಿಟ್ಟು ಅವಧಿ ಮುಗಿಯುವ ದಿನಾಂಕ ನೋಡತಕ್ಕದ್ದು. ಓವನ್ನಿನವರು ದಪ್ಪ ಎರಕವನ್ನು ಹಂತ ಹಂತವಾಗಿಯೇ ಕಾಯಿಸತಕ್ಕದ್ದು. ಅವಸರದವರು ಎರಡು ಟ್ಯೂಬು ಕೊಂಡುಕೊಳ್ಳಲಿ.

ಇಂತು,
ಹಾಜರಿ ಪುಸ್ತಕದ ಗುಮಾಸ್ತ